ಕಡುಬಿಗೆ ಕಲಿಸದೆ ಬಿಟ್ಟ ಮಾತು

ಫೆಬ್ರವರಿ 30, 2191

ಚಿಕ್ಕತಾಯಮ್ಮಜ್ಜಿಯವರಿಗೆ, ನಿಮ್ಮ ಆರನೇ ತಲೆಮಾರಿನ ಮೊಮ್ಮಗಳು ದೇವೀರಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಈಗ ಮೂವತ್ತು ದಿನ. ಚಳಿಗಾಲ ಎರಡು ದಿನ ಉದ್ದವಾಗಲಿ ಎಂದು ನಮ್ಮ ಹಿರಿಯರು ಜುಲೈ, ಆಗಸ್ಟಿನಿಂದ ಒಂದೊಂದು ದಿನ ಕಿತ್ತು ಇಲ್ಲಿ ಸೇರಿಸಿದರು. ಅದರಿಂದ ಚಳಿಯೇನೂ ಹೆಚ್ಚಲಿಲ್ಲ, ಅವರಿಗೆ ಸಮಾಧಾನವಾಯಿತು ಅಷ್ಟೆ. ಇನ್ನೊಂದು ಕ್ಷಮೆ ಕೇಳಬೇಕು. ಈ ಪತ್ರ ಕೈ ಸೇರುವಾಗ ನಿಮಗೆ ಮೂವತ್ತೆರಡೇ ವರ್ಷ, ಅಜ್ಜಿ ಎಂದರೆ ಸಿಟ್ಟು ಬಂದೀತು. ಆದರೆ ನಮ್ಮ ಮನೆ ಗೋಡೆಯ ಮೇಲಿರುವ ಫೋಟೊದಲ್ಲಿ ನಿಮ್ಮ ತಲೆ ಪೂರ್ತಿ ಬೆಳ್ಳಗಾಗಿದೆ, ನಾನೇನು ಮಾಡಲಿ? ನನ್ನ ಮಾತಿನಲ್ಲಿ ನೀವು ಕೇಳದ ಪದಗಳು ಬರುತ್ತವೆ. ಬಂದಲ್ಲಿ ಅರ್ಥ ಹೇಳಿಕೊಂಡು ಹೋಗುತ್ತೇನೆ.

ನೀವು ಮೃಗಾಲಯದಲ್ಲಿ ನಮ್ಮ ಕಾಡಿನ ಕಪ್ಪು ಕರಡಿಗಳನ್ನು ನೋಡಿಕೊಳ್ಳುವವರು. ಮಂಪರು ಬರಿಸುವ ಸೂಜಿ ಚುಚ್ಚದೆ ರಕ್ತ ತೆಗೆಯಬೇಕೆಂದು, ಜೇನುತುಪ್ಪ ನೆಕ್ಕಿಸುತ್ತ ಅವಕ್ಕೆ ನಾಲ್ಕು ಮಾತು ಕಲಿಸಿ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೀರಿ: ಬಾ, ಕೈ, ಬಾಯಿ, ಸಾಕು. ಆ ನೋಟ್‌ಬುಕ್ಕು ನನ್ನ ಹತ್ತಿರ ಇದೆ. ಜೇನಿನ ಕಲೆ ಇನ್ನೂ ಹೋಗಿಲ್ಲ, ಇರುವೆಗಳು ಈಗಲೂ ಹುಡುಕಿಕೊಂಡು ಬರುತ್ತವೆ.

ನಾನು ಕೆಲಸ ಮಾಡುವುದು ಚಳಿಮನೆಯಲ್ಲಿ. ಹಿಮಕರಡಿಗಳಿಗೆಂದು ಕಟ್ಟಿದ, ಎರಡು ಕೆರೆಯಷ್ಟು ದೊಡ್ಡ ತಣ್ಣನೆಯ ಮೃಗಾಲಯ ಅದು, ಬಿಸಿಲಿನ ಕರೆಂಟಿನಿಂದ ನಡೆಯುತ್ತದೆ. ಒಳಗಿನ ಶಾಖವನ್ನೆಲ್ಲ ಹಿಂದಿನ ಗೋಡೆಗೆ ತಳ್ಳುತ್ತೇವೆ. ಅಕ್ಕಪಕ್ಕದ ಬೀದಿಯ ಹೆಂಗಸರು ಅಲ್ಲಿ ಹಪ್ಪಳ ಸಂಡಿಗೆ ಒಣಗಿಸಿ, ಜಾಗಕ್ಕಾಗಿ ದಿನಾ ಜಗಳವಾಡುತ್ತಾರೆ. ಬೇಸಗೆ ಬಂತೆಂದರೆ ಮುಂದಿನ ಗಾಜಿಗೆ ಕೆನ್ನೆ ಒತ್ತಿ ನಿಲ್ಲಲು ಜನ ಮುಗಿಬೀಳುತ್ತಾರೆ. ಕರಡಿ ನೋಡಲು ಬಂದವರೆಷ್ಟೋ ತಣ್ಣಗಾಗಲು ಬಂದವರೆಷ್ಟೋ, ಹೋಗುವಾಗ ಮಾತ್ರ ಎಲ್ಲರೂ ಕರಡಿಯ ಮಾತೇ ಆಡುತ್ತಾರೆ.

ಮೃಗಾಲಯವೇ ಕರಡಿಗಳನ್ನು ಉಳಿಸಿತೆಂದು ಜಂಬ ಕೊಚ್ಚುವುದಿಲ್ಲ. ಭೂಮಿಯನ್ನು ಕಾಯಿಸುತ್ತಿದ್ದ ಹೊಗೆ ಇಳಿಸಿದವರು ನಿಮ್ಮ ಮಕ್ಕಳು, ಮೊಮ್ಮಕ್ಕಳು. ಹಿಮ ವಾಪಸು ಬರುವತನಕ ಕರಡಿಯ ವಂಶ ಕಾದವರು ನಾವು. ಕಾಯಲು ಕಲಿತದ್ದೂ ನಿಮ್ಮ ಕಾಲದಲ್ಲೇ. ದೂರದೇಶದ ಮೃಗಾಲಯಗಳಲ್ಲಿ ಹಿಮಕರಡಿಗಳು ಆಗಲೇ ಕೈ ಚಾಚಿ ರಕ್ತ ಕೊಡುತ್ತಿದ್ದವು, ತೊಟ್ಟಿಯಲ್ಲಿ ಈಜಿ ಎಷ್ಟು ದಣಿವಾಗುತ್ತದೆಂದು ತೋರಿಸುತ್ತಿದ್ದವು, ಜಾಡು ತಿಳಿಸುವ ಕೊರಳಪಟ್ಟಿ ಹಾಕಿಕೊಂಡು ಅದು ಬಾಳುತ್ತದೋ ಇಲ್ಲವೋ ಪರೀಕ್ಷಿಸಿ ಕೊಡುತ್ತಿದ್ದವು. ಹಿಮ ಕರಗಿದ ಕಡಲಲ್ಲಿ ಕಾಡಿನ ಕರಡಿ ಎಷ್ಟು ಸೊರಗುತ್ತದೆಂದು ಜನಕ್ಕೆ ತಿಳಿದದ್ದು ಇಂಥ ಕೆಲಸದಿಂದಲೂ ಹೌದು.

ಈಗ ಕಡುಬಿನ ವಿಷಯ, ಅಂದರೆ ನಮ್ಮ ಚಳಿಮನೆಯಲ್ಲೇ ಹುಟ್ಟಿದ ಹೆಣ್ಣು ಹಿಮಕರಡಿ. ಹುಟ್ಟಿದಾಗ ಆಗತಾನೆ ಹಬೆಯಿಂದ ಇಳಿಸಿದ ಕಡುಬಿನ ಹಾಗೇ ಇದ್ದಳು, ಅದೇ ಹೆಸರು ನಿಂತಿತು. ನಿಮ್ಮ ನಾಲ್ಕು ಮಾತನ್ನು ನಾನೇ ಕಲಿಸಿದೆ, ಜೇನಿನ ಬದಲು ಮೀನು ಕೊಟ್ಟು. ಬೇಟೆಕೊಳದಲ್ಲಿ, ಅಂದರೆ ಮಂಜಿನ ಹಲಗೆಯ ಕೆಳಗೆ ಮೀನು ಬಿಡುವ ಕೊಳದಲ್ಲಿ, ಹೊಂಚು ಹಾಕುವುದನ್ನು ಅವಳಮ್ಮ ಕಲಿಸಿದಳು. ಕಡಲಿಗೆ ಹೋಗುವ ಕರಡಿಗೆ ಕೊನೆಯ ಎರಡು ವರ್ಷ ನಮ್ಮ ಮುಖ ಕಾಣಬಾರದು, ಪರದೆಯ ಹಿಂದಿನಿಂದ ದನಿ ಮಾತ್ರ. ಎರಡು ವರ್ಷ ಮಗಳಂಥ ಕಡುಬಿನ ಮುಖ ಪರದೆಯ ತೂತಿನಲ್ಲಿ ಕದ್ದು ನೋಡಿದೆ. ಅವಳಿಗೆ ಐದು ತುಂಬಿದಾಗ ಹಿಮಪಂಚಾಯ್ತಿ ಒಪ್ಪಿಗೆ ಕೊಟ್ಟಿತು. ಉತ್ತರದ ಊರುಗಳವರೂ ನಮ್ಮಂಥವರೂ ಕೂತು, ಎಲ್ಲಿ ಹಿಮ ಗಟ್ಟಿಯಾಗಿದೆ, ಎಲ್ಲಿ ಕರಡಿ ಬಿಡಬಹುದು ಎಂದು ತೀರ್ಮಾನಿಸುವ ಸಭೆ ಅದು. ಅವರ ಕಟ್ಟಳೆ ಒಂದೇ: ಬಿಟ್ಟ ಕರಡಿ ಮೂರು ಸಲ ಜನರ ಹತ್ತಿರ ವಾಪಸು ಬಂದರೆ ಮತ್ತೆ ಬಿಡುವಂತಿಲ್ಲ, ಸಾಯುವತನಕ ಚಳಿಮನೆಯೇ ಗತಿ.

ಉತ್ತರದ ಕಡಲಲ್ಲಿ, ಹಡಗಿನ ಪಕ್ಕ ಹಿಮದ ಮೇಲೆ ಪಂಜರ ಇಳಿಸಿ ಬಾಗಿಲು ತೆಗೆದೆವು. ನಾನು ಪರದೆಯ ಹಿಂದೆ, ಪಕ್ಕದಲ್ಲಿ ನನಗೆ ಈ ಕೆಲಸ ಕಲಿಸಿದ ಶಿವನಂಜಪ್ಪನವರು. ಕಡುಬು ಹೊರಗೆ ಬಂದು, ಗಾಳಿ ಮೂಸಿ, ಠೀವಿಯಿಂದ ನಡೆದಳು. ನಮ್ಮ ಮನೆಯವರು ಯಾರೇ ಆದರೂ ಹೇಳುವುದನ್ನೇ ನಾನೂ ಹೇಳಿದೆ: ಹೋಗಿ ಬಾ ಮಗಳೇ!

ಅಯ್ಯೋ ಅಜ್ಜಿ! ಅವಳಿಗೆ ಹೋಗಿ ಎಂಬುದು ಬರೀ ಗಾಳಿ, ಬಾ ಎಂಬುದು ಮೀನು. ತಟ್ಟನೆ ತಿರುಗಿ ಓಡಿಬಂದು ಪರದೆಯ ಮುಂದೆ ಕೂತು, ಕೇಳದಿದ್ದರೂ ಕೈ ಚಾಚಿದಳು. ಶಿವನಂಜಪ್ಪನವರು ಒಂದು ಅಂತ ಎಣಿಸಿದರು. ತಟ್ಟೆ ಬಡಿದು ಓಡಿಸಿದೆವು. ನಿಜ ಹೇಳುತ್ತೇನೆ, ಬಾಯಿ ಕಚ್ಚಿ ಹಿಡಿದಿದ್ದೆ. ಆದರೂ ಅವಳ ಬೆನ್ನು ಕಂಡೊಡನೆ ಹಾಳು ನಾಲಿಗೆ ಮತ್ತೆ ಹೋಗ್ಬಾ ಎಂದುಬಿಟ್ಟಿತು, ಅವಳು ಮತ್ತೆ ಓಡಿಬಂದು ಕೈ ಚಾಚಿದಳು. ಎರಡು. ಶಿವನಂಜಪ್ಪನವರಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ದೇವೀರಿ, ನಿನ್ನ ಒಳ್ಳೆ ಮಾತು ಅವಳನ್ನು ಜೈಲಿಗೆ ಹಾಕುತ್ತೆ, ಹೋಗು ಅನ್ನೇ ತಾಯಿ ಎಂದರು.

ಹೇಗೆ ಅನ್ನುವುದು? ಚಿಕ್ಕವಳಿದ್ದಾಗ ಸ್ಕೂಲಿಗೆ ಹೋಗ್ತೀನಿ ಎಂದರೆ, ಬರ್ತೀನಿ ಅನ್ನು ಎಂದು ತಲೆಗೆ ಮೊಟಕಿದ ಮನೆ ನಮ್ಮದು. ಬರೀ ಹೋಗು ಎಂದು ನಾವು ಬೀದಿನಾಯಿಗೂ ಅಂದವರಲ್ಲ. ಆದರೂ ಸೆರಗು ಬಿಗಿದು, ಇದ್ದ ದನಿಯನ್ನೆಲ್ಲ ಸೇರಿಸಿ ಕೂಗಿದೆ: ಹೋಗು! ಅವಳು ಕತ್ತು ವಾಲಿಸಿ ಕೇಳಿದಳು. ಇದರಲ್ಲಿ ಮೀನಿಲ್ಲ ಎಂದು ಖಾತ್ರಿಯಾಯಿತೇನೋ, ಚಾಚಿದ ಕೈ ಇಳಿಸಿ, ಎದ್ದು ಹೊರಟಳು. ಈ ಸಲ ತಿರುಗಲಿಲ್ಲ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದು ಕನ್ನಡಕವೆಲ್ಲ ಒದ್ದೆಯಾಯಿತು.

ಅವಳು ಎಳ್ಳುಕಾಳಿನಷ್ಟಾಗಿ, ಇನ್ನು ಕೇಳಿಸುವುದೇ ಇಲ್ಲ ಎಂದಾದ ಮೇಲೆ, ಉಳಿದಿದ್ದ ಅರ್ಧ ಮಾತನ್ನು ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದೆ. ಶಿವನಂಜಪ್ಪನವರು ಕಂಡೂ ಕಾಣದವರಂತೆ ಹಗ್ಗ ಸುತ್ತುತ್ತಿದ್ದರು.

ಇದೆಲ್ಲ ಆಗಿ ಮೂರು ವರ್ಷ. ಮೊನ್ನೆ ಹಿಮಪಂಚಾಯ್ತಿಯಿಂದ ಚಿತ್ರ ಬಂತು: ಕಡುಬು, ಹಿಂದೆ ಎರಡು ಮರಿ. ಅವಕ್ಕೆ ಕನ್ನಡದ ಗಂಧವೂ ಇಲ್ಲ, ಹಾಗೇ ಇರಲಿ. ಚಳಿಮನೆಯಲ್ಲಿ ಎಲ್ಲರಿಗೂ ಕಡುಬು ಮಾಡಿ ಬಡಿಸಿದೆ.

ಒಂದು ಬೇಡಿಕೆ ಅಜ್ಜಿ. ನಿಮ್ಮ ನೋಟ್‌ಬುಕ್ಕಿನಲ್ಲಿ ನಾಲ್ಕು ಮಾತಿನ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೀರಿ. ಅಲ್ಲಿ ಹೋಗು ಎಂದು ಬರೆಯಿರಿ, ನಮ್ಮ ಕರಡಿಗಳಿಗೆ ಅದನ್ನೂ ಮರಿಯಿದ್ದಾಗಲೇ ಕಲಿಸುತ್ತೇವೆ. ಬರೀ ಹೋಗು ಎಂದು ಬರೆಯಲು ಕೈ ಬಾರದಿದ್ದರೆ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬಾ ಎಂದೂ ಸೇರಿಸಿಕೊಳ್ಳಿ. ಅದನ್ನು ನಾವು ಗಟ್ಟಿಯಾಗಿ ಓದುವುದಿಲ್ಲ.

ಹೋಗಿ ಬರ್ತೀನಿ,
ದೇವೀರಿ