ಹಡಗಿನ ಫಾರಂ, ಎರಡನೇ ಸಲ

ರೀ, ನಾನು ಹೊಲಿಗೆ ಅಂಗಡಿಗೆ ಹೊರಟೆ. ಊಟ ಮುಚ್ಚಿಟ್ಟಿದೀನಿ.

ಹಡಗು ಪ್ರವಾಸದ ಫಾರಂನಲ್ಲಿ, ಮಾಜಿ ಸೈನಿಕರ ರಿಯಾಯಿತಿ ಅನ್ನೋ ಕಡೆ "ನಾನು ಬರೀ ಅಡುಗೆಯವನು, ಯುದ್ಧ ಮಾಡಿಲ್ಲ" ಅಂತ ಬರೆದಿದ್ದೀರಲ್ಲ, ನಿಮ್ಮನ್ನ ಯಾರು ಕೇಳಿದ್ರು? ಟಿಕೆಟ್ ಆಫೀಸಿಗೆ ಫೋನ್ ಮಾಡಿದೆ. ಸೈನ್ಯದಲ್ಲಿ ಅಡುಗೆ ಮಾಡಿದವರೂ ಸೈನಿಕರೇ ಅಂತೆ. ಸೇವೆ ಮುಗಿಸಿದ ಪತ್ರ ಇದ್ರೆ ಸಾಕು. ಅದು ಬೀರುವಿನಲ್ಲಿ, ನಿಮ್ಮ ಹಳೇ ಟೋಪಿ ಕೆಳಗಿದೆ. ಹೊಸ ಫಾರಂ ಮೇಜಿನ ಮೇಲಿದೆ. ಈ ಸಲ ಕೇಳಿದ್ದಷ್ಟೇ ಬರೀರಿ.

ಇನ್ನೊಂದು ಮಾತು. ಸೈನ್ಯದಲ್ಲಿ ಹತ್ತೊಂಬತ್ತು ವರ್ಷ, ಎಲ್ಲರ ಊಟ ಆದ ಮೇಲೆ, ಆರಿದ್ದನ್ನ ನಿಂತುಕೊಂಡೇ ಉಂಡವರು ನೀವು. ಮನೇಲೂ ಅದೇ ಚಾಳಿ. ಹಡಗಿನ ಅಡುಗೆಮನೆ ಕಡೆ ತಲೆ ಹಾಕಿಯೂ ಮಲಗಬೇಡಿ. ನನ್ನ ಎದುರು ಕೂತು, ಬಿಸಿ ಇರುವಾಗಲೇ ಉಣ್ಣಿ. ನನಗೆ ಸಮುದ್ರ ನೋಡೋ ಆಸೆ ಏನಿಲ್ಲ, ನೀವು ಹಾಗೆ ಉಣ್ಣೋದನ್ನ ನೋಡಬೇಕು.