ಉಪ್ಪ ತೋರಿಸದ ಪಾದ

ಪೆರಾಬೆ
22 ಜೂನ್ 2025

ಪ್ರೀತಿಯ ಉಪ್ಪಾ,

ಅಸ್ಸಲಾಮು ಅಲೈಕುಂ. ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಆಗುತ್ತದಾ, ಅಥವಾ ಕೆಫೆಟೇರಿಯಾದಲ್ಲಿ ಶಾರ್ಜಾದವರಿಗೆಲ್ಲ ಪರೋಟ ಕಾಯಿಸಿ ಕೊಟ್ಟು ನೀವು ಮಾತ್ರ ನಿಂತಲ್ಲೇ ಒಂದು ಚಾ ಕುಡಿದು ಮುಗಿಸುತ್ತೀರಾ? ಶುಗರಿನ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ದಿನಾ ಫೋನಿನಲ್ಲಿ ಮುಖ ನೋಡಿ ಮಾತಾಡುವವಳು ಕಾಗದ ಯಾಕೆ ಬರೆದಳಪ್ಪಾ ಎಂದು ನೀವು ಈಗ ನಗುತ್ತಿರಬಹುದು. ಫೋನಿನಲ್ಲಿ ನಾನು ಆರೋಗ್ಯದ ಮಾತೆತ್ತಿದರೆ ಸಾಕು, ನಿಮಗೆ ಎಲ್ಲಿಂದಲೋ ಗಿರಾಕಿ ಬಂದುಬಿಡುತ್ತಾರೆ. ಕಾಗದ ಹಾಗೆ ಕಟ್ ಆಗುವುದಿಲ್ಲ. ಗಿರಾಕಿಗೆ ಚಾ ಕೊಟ್ಟು ಬಂದು ಮುಂದಕ್ಕೆ ಓದಿ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾನು ಭಾನುವಾರದ ರಜೆ ಎಂದು ಸುಳ್ಯದ ಹಾಸ್ಟೆಲಿನಿಂದ ಮನೆಗೆ ಬಂದಿದ್ದೇನೆ. ನಿಮ್ಮ ಪಕ್ಕದ ಅಂಗಡಿಯ ಅಫ್ರೀದ್ ರಜೆ ಮುಗಿಸಿ ನಾಳೆ ಅಲ್ಲಿಗೆ ಹೊರಡುತ್ತಾನೆ ಎಂದು ಗೊತ್ತಾದದ್ದೇ ತಡ, ಸುತ್ತಮುತ್ತಲಿನ ಮನೆಗಳ ಪೊಟ್ಟಣಗಳೆಲ್ಲ ಅವನ ಜಗಲಿಯಲ್ಲಿ ಹೋಗಿ ಕೂತಿವೆ. ಪಾಪ, ಅವನ ಅಂಗಿ ಪ್ಯಾಂಟಿಗೆ ಪೆಟ್ಟಿಗೆಯಲ್ಲಿ ಜಾಗ ಉಂಟೋ ಇಲ್ಲವೋ. ಉಮ್ಮ ನಿಮಗೆಂದು ಒಣಮೀನಿನ ಚಟ್ನಿ, ಹಪ್ಪಳ, ಮತ್ತೆ ತುಪ್ಪ ಸುರಿದು ಕಾಯಿಸಿದ ಹಲ್ವ ಕಟ್ಟಿಟ್ಟಿದ್ದರು. ಹಲ್ವವನ್ನು ನಾನು ಹೊರಗೆ ತೆಗೆದೆ. "ನನ್ನ ಗಂಡನಿಗೆ ಕಳಿಸುದು ನಾನು, ನಿನ್ನದೆಂತ ಅದರಲ್ಲಿ ಅಧಿಕಾರ?" ಎಂದು ಉಮ್ಮ ಸೌಟು ಹಿಡಿದುಕೊಂಡೇ ಬಂದರು. ನರ್ಸಿಂಗ್ ಮೂರನೇ ವರ್ಷದ ಅಧಿಕಾರ ಎಂದೆ. ಹಲ್ವ ಹಾಳಾಗಬಾರದಲ್ಲ, ನಾನೂ ತಮ್ಮ ಮಿದ್ಲಾಜೂ ಸೇರಿ ಅದನ್ನು ಮುಗಿಸಿದ್ದೇವೆ, ಬೇಜಾರು ಮಾಡಬೇಡಿ. ಅದರ ಜಾಗದಲ್ಲಿ ಬೇರೆ ಎರಡು ವಸ್ತು ಇಟ್ಟಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಉಪ್ಪಾ, ಈಗ ನಮಗೆ ಮೆಡಿಕಲ್ ವಾರ್ಡಿನಲ್ಲಿ ಡ್ಯೂಟಿ. ಬಿಪಿ, ಶುಗರು, ದಮ್ಮು, ಜ್ವರ, ದಿನಾ ಇಂಥವರೇ. ಡಾಕ್ಟರು ಬರುವ ಮೊದಲು ನಾವು ರೋಗಿಯ ಹತ್ತಿರ ಕೂತು ಎಲ್ಲ ಕೇಳಿ, ತಲೆಯಿಂದ ಪಾದದವರೆಗೆ ಕಣ್ಣಿಟ್ಟು ನೋಡಿ, ಮುಟ್ಟಿ ತಿಳಿದುಕೊಳ್ಳಬೇಕು. ಹೇಳಲಿಕ್ಕೆ ಸುಲಭ. ನಮ್ಮವರ ಬಾಯಿಯಿಂದ ಕಾಯಿಲೆ ಹೊರಡಿಸುವುದೆಂದರೆ ಬಾವಿಗೆ ಬಿದ್ದ ಕೊಡಪಾನ ತೆಗೆದ ಹಾಗೆ. ಬೀಡಿ ಸಿಗರೇಟು ಉಂಟಾ ಎಂದರೆ "ಛೆ ಛೆ, ಇಲ್ಲ" ಎನ್ನುತ್ತಾರೆ, ಬಾಯಿಯೊಳಗೆ ಹೊಗೆಸೊಪ್ಪು ಇರುತ್ತದೆ. ಕಳೆದ ವಾರ ಮರ್ಕಂಜ ಕಡೆಯ ಒಬ್ಬರು ಅಜ್ಜ ಜ್ವರ ಎಂದು ಬಂದು ನನ್ನ ಪಾಲಿಗೆ ಸಿಕ್ಕಿದರು. ರೋಗಿಗಳ ಹೆಸರು ಹೊರಗೆ ಹೇಳಬಾರದು ಎಂದು ನಮ್ಮ ಮೋಕ್ಷಿತಾ ಮೇಡಂ ಕಟ್ಟುನಿಟ್ಟು, ಹಾಗಾಗಿ ಅವರನ್ನು ದುಗ್ಗಪ್ಪಜ್ಜ ಎಂದುಕೊಳ್ಳಿ. ಬೇರೆ ಕಾಯಿಲೆ ಉಂಟಾ ಅಜ್ಜ ಎಂದು ಕೇಳಿದೆ. "ಎಂತ ಇಲ್ಲ ಮಗಾ. ಶುಗರ್ ಇತ್ತು, ಮಾತ್ರೆ ತಿಂದೆ, ಕಡಿಮೆ ಆಯ್ತು, ಮತ್ತೆ ಬಿಟ್ಟೆ" ಎಂದರು. ಎಷ್ಟು ಖುಷಿಯಲ್ಲಿ ಹೇಳಿದರೆಂದರೆ, ನನಗೂ ನಗು ಬಂತು. ಜ್ವರ ನೋಡಿದೆ, ನಾಡಿ ನೋಡಿದೆ, ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಜ್ವರ ಯಾತಕ್ಕೆಂದು ಮಾತ್ರ ತಿಳಿಯಲಿಲ್ಲ. ಹಿಂದೆ ನಿಂತಿದ್ದ ಮೇಡಂ, "ಝುಹ್ರಾ, ಪಾದ ಇನ್ನೂ ಬರಲಿಲ್ಲ ಅಲ್ವಾ?" ಎಂದರು. ಅಜ್ಜ ಕಾಲಿನ ಮೇಲೆ ಹೆಗಲಿನ ಬೈರಾಸು ಹೊದ್ದಿದ್ದರು. ಅದನ್ನು ತೆಗೆಯಲಿಕ್ಕೆ ಅವರಿಗೆ ಸುತರಾಂ ಮನಸ್ಸಿಲ್ಲ, "ಮಣ್ಣು ಕಾಲು, ನೀನ್ಯಾಕೆ ಮುಟ್ಟುದು" ಎಂದು ಎಳೆದುಕೊಂಡರು.

ತೆಗೆದು ನೋಡಿದರೆ ಕಿರುಬೆರಳಿನ ಬುಡದಲ್ಲಿ ಹುಣ್ಣು. ಮುಳ್ಳು ಚುಚ್ಚಿದ್ದಂತೆ, ಅರಶಿನ ಮೆತ್ತಿ ಬಿಟ್ಟಿದ್ದರಂತೆ. ಯಾಕಜ್ಜ ಇಷ್ಟು ದಿನ ಬಿಟ್ಟಿರಿ ಎಂದರೆ, "ನೋವೇ ಇಲ್ಲ ಮಾರಾಯ್ತಿ, ನೋವಿದ್ದರೆ ಬರ್ತಿರಲಿಲ್ವಾ?" ಆಗ ಮೇಡಂ ಗಾಳದ ನೂಲಿನಂಥ ತೆಳುವಾದ ಒಂದು ನೂಲು ನನ್ನ ಕೈಗೆ ಕೊಟ್ಟರು. ಅಜ್ಜ ಕಣ್ಣು ಮುಚ್ಚಬೇಕು, ನಾನು ಆ ನೂಲಿನ ತುದಿಯನ್ನು ಪಾದಕ್ಕೆ ತಾಗಿಸಬೇಕು, ತಾಗಿದ್ದು ಗೊತ್ತಾದಾಗ ಅವರು ಹೂಂ ಅನ್ನಬೇಕು. ಅಜ್ಜ ಕಣ್ಣು ಮುಚ್ಚಿ ಮಲಗಿದರು. ನಾನು ಹೆಬ್ಬೆರಳಿಗೆ ತಾಗಿಸಿದೆ, ಅಂಗಾಲಿಗೆ ತಾಗಿಸಿದೆ, ಹಿಮ್ಮಡಿಗೆ ತಾಗಿಸಿದೆ. ಅಜ್ಜ ಸುಮ್ಮನೆ ಕಾಯುತ್ತಾ ಇದ್ದರು. ಸ್ವಲ್ಪ ಹೊತ್ತಾದ ಮೇಲೆ, "ಇನ್ನೂ ಶುರು ಮಾಡ್ಲಿಲ್ವಾ ಮಗಾ?" ಎಂದು ಕೇಳಿದರು.

ಶುಗರು ಹೆಚ್ಚಾಗಿ ಕಾಲಿನ ನರ ಸತ್ತರೆ ಹುಣ್ಣು ನೋಯುವುದಿಲ್ಲ, ನೋವಿಲ್ಲ ಎನ್ನುವುದೇ ಹೆದರಬೇಕಾದ ಮಾತು ಎಂದು ಮೇಡಂ ಎಲ್ಲರನ್ನೂ ಕರೆದು ವಿವರಿಸುತ್ತಿದ್ದರು. ನನ್ನ ಕಿವಿಯಲ್ಲಿ ಮಾತ್ರ ನಿಮ್ಮ ಸ್ವರ ಇತ್ತು. ಬಕ್ರೀದ್ ಹಬ್ಬದ ದಿನ ಹೊಸ ಅಂಗಿ ತೋರಿಸಿ ಎಂದು ಉಮ್ಮ ಹಟ ಮಾಡಿದ್ದಕ್ಕೆ ನೀವು ಫೋನನ್ನು ಮೇಜಿನ ಮೇಲೆ ನಿಲ್ಲಿಸಿ ಹಿಂದೆ ಹೋಗಿ ನಿಂತಿರಲ್ಲ, ಉಮ್ಮ ಅಂಗಿ ನೋಡಿದರು, ನಾನು ಕಾಲು ನೋಡಿದೆ. ಶಾರ್ಜಾದ ಆ ಸೆಕೆಗೆ ಎಡಗಾಲಿಗೆ ಮಾತ್ರ ಸಾಕ್ಸ್ ಹಾಕಿದ್ದಿರಿ. ಎಂತದು ಉಪ್ಪಾ ಎಂದು ಕೇಳಿದ್ದಕ್ಕೆ, "ಎಂತ ಇಲ್ಲ ಮಗಳೇ, ಚಪ್ಪಲಿ ಉಜ್ಜಿದ್ದು, ನೋವೇ ಇಲ್ಲ" ಎಂದಿರಿ. ಒಮ್ಮೆ ತೋರಿಸಿ ಎಂದರೆ ಫೋನನ್ನು ಮೇಲಕ್ಕೆ, ಮಾಡಿಗೆ ತಿರುಗಿಸಿದಿರಿ. ನಿಮ್ಮ ರೂಮಿನ ಫ್ಯಾನ್ ತಿರುಗುವುದನ್ನು ನೋಡುತ್ತಾ ಕೂತೆ ನಾನು. ಅವತ್ತು ನೋವಿಲ್ಲ ಎಂಬ ಮಾತು ಕೇಳಿ ಸಮಾಧಾನದಲ್ಲಿ ಬಿರಿಯಾನಿ ತಿಂದಿದ್ದೆ. ಈಗ ಅದೇ ಮಾತು ನೆನಪಾದರೆ ಅನ್ನ ಇಳಿಯುವುದಿಲ್ಲ.

ನೀವು ಯಾಕೆ ಮುಚ್ಚಿಡುತ್ತೀರಿ ಎಂದೂ ಗೊತ್ತು. ಡಾಕ್ಟರು ನಿಲ್ಲಬೇಡ, ಊರಿಗೆ ಹೋಗು ಎಂದರೆ ನನ್ನ ಓದು ಅರ್ಧಕ್ಕೆ ನಿಲ್ಲುತ್ತದೆ ಎಂದು ಹೆದರಿಕೆ. ಉಪ್ಪಾ, ನಿಮ್ಮ ಕಾಲು ಕೊಟ್ಟು ತರುವ ಓದು ನನಗೆ ಬೇಡವೇ ಬೇಡ. ದುಗ್ಗಪ್ಪಜ್ಜನ ಕಿರುಬೆರಳು ಹೋಯಿತು, ಪಾದ ಉಳಿಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ನಿಮ್ಮದು ಬರೀ ಚಪ್ಪಲಿ ಉಜ್ಜಿದ ಗಾಯವೇ ಆಗಿದ್ದರೆ ಒಳ್ಳೆಯದೇ ಆಯಿತು, ನನ್ನನ್ನು ಹೆದರುಪುಕ್ಕಲಿ ಎಂದು ವರ್ಷವಿಡೀ ತಮಾಷೆ ಮಾಡಿ. ಅದಲ್ಲದಿದ್ದರೆ ಅರಶಿನ, ಕಾಫಿಪುಡಿ ಮೆತ್ತಬೇಡಿ, ಬಿಸಿನೀರಿಗೆ ಕಾಲಿಡಬೇಡಿ, ಅವತ್ತೇ ಡಾಕ್ಟರರ ಹತ್ತಿರ ಹೋಗಿ. ಊರಿಗೆ ಹೋಗು ಎಂದರೆ ಬಂದುಬಿಡಿ. ನೀವು ಮನೆಯಲ್ಲಿ ಇರುವುದಕ್ಕಿಂತ ದೊಡ್ಡ ಹಬ್ಬ ನಮಗೆ ಬೇರೆ ಇಲ್ಲ.

ಉಮ್ಮ ಸಲಾಂ ಹೇಳಿದ್ದಾರೆ, ಹಲ್ವದ ಸಿಟ್ಟು ಇನ್ನೂ ಇಳಿದಿಲ್ಲ. ಮಿದ್ಲಾಜನಿಗೆ ನೀವು ಬರುವಾಗ ಫುಟ್‌ಬಾಲ್ ಬೂಟು ಬೇಕಂತೆ. ಅಲ್ಲಾಹು ನಿಮ್ಮನ್ನು ಕಾಪಾಡಲಿ, ನಮ್ಮ ಕಣ್ಣೆದುರಿಗೆ ಬೇಗ ತರಲಿ.

ನಿಮ್ಮ ಮಗಳು,
ಫಾತಿಮತ್ ಝುಹ್ರಾ

ತಾ.ಕ: ಕಾಗದ ಮಾತ್ರ ಕೈಗೆ ಬಂತು, ಪೊಟ್ಟಣ ಎಲ್ಲಿ ಎಂದು ಹುಡುಕುತ್ತಿದ್ದೀರಾ? ಅದು ಅಫ್ರೀದನ ಹತ್ತಿರವೇ ಉಂಟು. ನಿಮ್ಮ ಎರಡು ಪಾದವನ್ನೂ ಅಡಿಮೇಲು ನೋಡಿದ ಮೇಲೆಯೇ ಕೊಡಬೇಕೆಂದು ಹೇಳಿದ್ದೇನೆ. ಒಳಗೆ ಮೆತ್ತನೆಯ ಚಪ್ಪಲಿ ಉಂಟು, ಒಂದು ಕೈಗನ್ನಡಿ ಉಂಟು. ಕನ್ನಡಿ ಮುಖ ನೋಡಲಿಕ್ಕಲ್ಲ, ದಿನಾ ಬೆಳಿಗ್ಗೆ ಅಂಗಾಲು ನೋಡಲಿಕ್ಕೆ. ಅಫ್ರೀದ್ ಈಗ ನಿಮ್ಮ ಎದುರಿಗೇ ಕೂತಿರುತ್ತಾನೆ, ನನಗೆ ವೀಡಿಯೋ ಕರೆ ಮಾಡುತ್ತಾನೆ. ಸಾಕ್ಸ್ ಬಿಚ್ಚಿ ಉಪ್ಪಾ. ಏನು ಕಂಡರೂ ನಾನು ಬಯ್ಯುವುದಿಲ್ಲ, ಉಮ್ಮನಿಗೂ ಇನ್ನೂ ಹೇಳಿಲ್ಲ. ಅಳುವುದೂ ಇಲ್ಲ. ಅಳು ಬಂದರೆ ನಿಮ್ಮ ಹಾಗೆ ಫೋನನ್ನು ಮಾಡಿಗೆ ತಿರುಗಿಸುತ್ತೇನೆ, ನೀವು ನಮ್ಮ ಹಾಸ್ಟೆಲಿನ ಫ್ಯಾನ್ ನೋಡುತ್ತಾ ಸ್ವಲ್ಪ ಹೊತ್ತು ಕಾಯಿರಿ.