ಕೆಂಪು ಬಕೆಟ್ಟನ್ನು ಕೊಟ್ಟುಬಿಡಬೇಡಿ

ಮೇಲೂರು,
ಕಡಲು ಹತ್ತಿದ ನೂರ ಅರವತ್ತನೆಯ ವರ್ಷ, ಆಟಿ ಅಮಾವಾಸ್ಯೆ.
ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ಇನ್ನೂರ ಮೂವತ್ತೊಂದನೆಯ ಇಸವಿ.

ಪೂಜ್ಯ ಅಶ್ವಿತಜ್ಜಿಯವರಿಗೆ ನಿಮ್ಮ ತಾಯಿಕುಲವಾದ ಕಾಂಚನ್ ಬರಿಯ ಎಂಟನೆಯ ತಲೆಯವಳಾದ ಉಜ್ವಲಾ ಮಾಡುವ ನಮಸ್ಕಾರಗಳು.

ಈ ಪತ್ರ ಓದುವಾಗ ನಿಮಗೆ ಮೂವತ್ತೆರಡು ದಾಟಿರಲಿಕ್ಕಿಲ್ಲ. ನನಗೆ ಎಪ್ಪತ್ತು ಹತ್ತಿರವಾಯಿತು. ಆದರೂ ಅಜ್ಜಿ ನೀವೇ, ಹಾಗಾಗಿ ನನ್ನ ಮಂಡಿನೋವು, ಬಿಳಿ ಕೂದಲು ಎಲ್ಲವನ್ನೂ ಮಡಚಿಟ್ಟು ನಿಮ್ಮೆದುರು ಮೊಮ್ಮಗಳ ಹಾಗೆ ಕೂತು ಬರೆಯುತ್ತಿದ್ದೇನೆ. ನಮ್ಮ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು. ನಿಮ್ಮ ಕಾಲದಲ್ಲಿ ಇಲ್ಲದ ವಸ್ತುಗಳಿಗೆ ನಾವು ಹೆಸರಿಡಬೇಕಾಯಿತು, ಕ್ಷಮಿಸಿ. ಹಿರಿಯರಿಗೆ ಬರೆಯುವ ಪತ್ರವನ್ನು ನಮ್ಮಲ್ಲಿ ‘ಕೈ ಒಣಗಿರಲಿ’ ಎಂಬ ಹಾರೈಕೆಯಿಂದ ಶುರುಮಾಡುವುದು ಪದ್ಧತಿ. ನಾನು ಬೇಕೆಂದೇ ಅದನ್ನು ಬರೆಯಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ತೀರಿಹೋದ ಹಿರಿಯರಿಗೆ ಆಟಿ ತಿಂಗಳಲ್ಲಿ ಬಡಿಸುವ ಕ್ರಮ ನಿಮ್ಮ ಕಾಲದಲ್ಲೂ ಇತ್ತಲ್ಲವೇ? ಬಡಿಸುವಷ್ಟು ಅನ್ನ ಈಗ ಯಾರ ಮನೆಯಲ್ಲೂ ಇಲ್ಲದ್ದರಿಂದ ನಾವು ಪತ್ರ ಬರೆಯುತ್ತೇವೆ. ಬರೆದ ಕಾಗದವನ್ನು ಮನೆಯ ಕಡಲಗೂಡಿನಿಂದ ತೆಗೆದ ಹಳೆಯ ನೀರಿನಲ್ಲಿ ಅಕ್ಷರ ಕರಗುವವರೆಗೆ ನೆನೆಸುತ್ತೇವೆ. ಅದು ಹಿರಿಯರಿಗೆ ಮುಟ್ಟುತ್ತದೆ ಎಂದು ನಂಬಿಕೆ. ಮುಟ್ಟುತ್ತದೋ ಇಲ್ಲವೋ ದೇವರೇ ಬಲ್ಲ, ಆದರೆ ಈ ವರ್ಷ ಮುಟ್ಟಲೇಬೇಕು.

ಕಡಲಗೂಡು ಎಂದರೆ ನಿಮ್ಮ ಮಲ್ಪೆಯ ಫ್ಲ್ಯಾಟಿನ ಹಾಲ್‌ನಲ್ಲಿ ಟಿವಿಯ ಪಕ್ಕಕ್ಕಿರುವ ಅದೇ ಗಾಜಿನ ತೊಟ್ಟಿ. ನೀವು ಅದನ್ನು ಅಕ್ವೇರಿಯಂ ಎನ್ನುತ್ತೀರಂತೆ. ಆ ಕಟ್ಟಡದ ಮೇಲೆ ಈಗ ದೋಣಿ ಹೋಗುತ್ತದೆ. ನಾವಿರುವುದು ನೀವು ಮಣಿಪಾಲ ಎಂದು ಕರೆಯುವ ಗುಡ್ಡದ ತಲೆಯ ಮೇಲೆ. ಬೇಸಗೆಯಲ್ಲಿ ಹಗಲಿಡೀ ನೆಲದಡಿಯ ಹಜಾರದಲ್ಲಿ ಮಲಗಿ, ಹೊತ್ತು ಇಳಿದ ಮೇಲೆ ಮೇಲೆ ಬರುತ್ತೇವೆ. ಉಣ್ಣುವುದು ಪಾಚಿಯ ಅಂಬಲಿ, ಹಬ್ಬಕ್ಕೆ ಹಿಡಿ ಅಕ್ಕಿ. ನಳ್ಳಿಯಲ್ಲಿ ಸಿಹಿನೀರು ಪಾಲಿನ ಪ್ರಕಾರ ಬರುತ್ತದೆ. ಸಮುದ್ರ ಬಿಸಿಯಾಗಿ ಹುಳಿಯಾಗಿ, ಹವಳವೆಂಬುದು ಅಲ್ಲಿ ಅಳಿದೇ ಹೋಯಿತು. ಉಳಿದದ್ದು ನಿಮ್ಮಂಥವರ ಮನೆಯ ಗಾಜಿನೊಳಗೆ ಮಾತ್ರ. ಬರಿ ತಾಯಿಯಿಂದ ಮಗಳಿಗೆ ಬರುವ ಹಾಗೆ ಕಡಲಗೂಡೂ ತಾಯಿಯಿಂದ ಮಗಳಿಗೆ ಬಂತು. ಮದುವೆಯಾದ ಪ್ರತಿ ಹುಡುಗಿ ತಾಯಿಯ ಗೂಡಿನಿಂದ ಒಂದು ತುಂಡು ಹವಳ ಮುರಿದುಕೊಂಡು ಹೊಸ ಮನೆಗೆ ಹೋಗುತ್ತಿದ್ದಳು. ಚಿನ್ನ ಇಲ್ಲದ ಊರಿನಲ್ಲಿ ಅದೇ ನಮ್ಮ ಚಿನ್ನ.

ಗುಡ್ಡದ ಎಲ್ಲ ಮನೆಗಳಲ್ಲೂ ಗೂಡುಗಳಿದ್ದವು, ಎಲ್ಲವೂ ನಿಮ್ಮ ಗೂಡಿನ ಮಕ್ಕಳು ಮೊಮ್ಮಕ್ಕಳು. ಅವುಗಳಿಗೆಂದು ಪ್ರತಿ ಮನೆಯೂ ತನ್ನ ನೀರಿನ ಪಾಲಿನಲ್ಲಿ ಒಂದಿಷ್ಟನ್ನು ಬಿಟ್ಟುಕೊಡುತ್ತಿತ್ತು. ಬಾಯಾರಿಕೆ ಯಾರಿಗಿರಲಿಲ್ಲ? ಆದರೂ ಯಾರೂ ಗೊಣಗಲಿಲ್ಲ. ಯಾಕೆಂದರೆ ಸಮುದ್ರ ತಣಿದ ದಿನ ಈ ಹವಳವನ್ನು ಬುಟ್ಟಿಯಲ್ಲಿ ಹೊತ್ತು ಕೆಳಗಿಳಿದು, ಮುಳುಗಿದ ಬಂಡೆಸಾಲಿಗೆ ಅಂಟಿಸಿ ಬರಬೇಕೆಂದು ನಮ್ಮವರು ಮೊದಲೇ ಮಾತು ಕೊಟ್ಟುಕೊಂಡಿದ್ದರು. ಆ ದಿನದ ಹೆಸರು ಮರಳಿಕೆ. ಮೀನುಗಾರರ ಮಕ್ಕಳು ಸಮುದ್ರಕ್ಕೆ ಏನನ್ನಾದರೂ ವಾಪಸು ಕೊಡುವ ಒಂದೇ ಒಂದು ದಿನ ಅದು.

ಈಗ ನಿಮ್ಮ ಕತೆಗೆ ಬರುತ್ತೇನೆ. ನಮ್ಮಲ್ಲಿ ಮಗುವಿಗೆ ಹೆಸರಿಡುವಾಗಲೆಲ್ಲ ಇದನ್ನು ಹೇಳುತ್ತಾರೆ. ನೀವು ಪ್ರತಿ ಆದಿತ್ಯವಾರ ಗೂಡಿನ ನೀರಿನಲ್ಲಿ ಒಂದು ಭಾಗ ಪೈಪಿನಿಂದ ಎಳೆದು ತೆಗೆದು, ಕೆಂಪು ಬಕೆಟ್ಟಿನಲ್ಲಿ ಆರ್‌ಓ ನೀರಿಗೆ ಹವಳಕ್ಕೆಂದೇ ಸಿಗುವ ಉಪ್ಪು ಕಲಸಿ, ಗಾಜಿನ ತೇಲುಕಡ್ಡಿ ಬಿಟ್ಟು ಉಪ್ಪಿನಂಶ ನೋಡಿ, ಮೊಣಕೈವರೆಗೆ ಒದ್ದೆಯಾಗಿ ಹೊಸ ನೀರು ತುಂಬುತ್ತಿದ್ದಿರಿ. ನೀವು ಗರ್ಭಿಣಿಯಾದಾಗ ಪ್ರೀತೇಶಜ್ಜ, ಅಂದರೆ ನಿಮ್ಮ ಯಜಮಾನರು, ತಲೆಬಾಗಿಲಲ್ಲೇ ನಿಂತು ಬೈದರಂತೆ. “ಬಸುರಿ ಹೆಂಗಸು ಬಕೆಟ್ ಹೊರುದೆಂತ ಮಾರಾಯ್ತಿ? ಒಂದು ಮೆಷಿನ್ ಹಾಕುವ. ಅದೇ ನೀರು ತೆಗೀತದೆ, ಅದೇ ಹಾಕ್ತದೆ.” ಪಾಪ, ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಿಮ್ಮ ಹೊಟ್ಟೆಯಲ್ಲಿದ್ದದ್ದು ನಮ್ಮ ಇಡೀ ಸಂತಾನ.

ಹಾಗೆ ಬಂತು ಜೋಡಿಪಂಪು. ಎಳೆಪಂಪು ದಿನವೂ ಸ್ವಲ್ಪ ಹಳೆಯ ನೀರನ್ನು ಹೊರಗೆ ಹಾಕುತ್ತದೆ, ಸುರಿಪಂಪು ಪೀಪಾಯಿಯಿಂದ ಅಷ್ಟೇ ಹೊಸ ಉಪ್ಪುನೀರನ್ನು ಒಳಗೆ ಬಿಡುತ್ತದೆ. ಇದರ ಜೊತೆಗೆ ಮಟ್ಟಗಣ್ಣು ಎಂಬುದೊಂದು. ಗೂಡಿನ ನೀರು ಆವಿಯಾಗಿ ಹೋದರೂ ಅದರ ಉಪ್ಪು ಒಳಗೇ ಉಳಿಯುತ್ತದೆ, ಆದ್ದರಿಂದ ಆ ಜಾಗಕ್ಕೆ ಸಿಹಿನೀರನ್ನೇ ತುಂಬಬೇಕು. ಮಟ್ಟ ಇಳಿದದ್ದು ಕಂಡ ಕೂಡಲೇ ಈ ಕಣ್ಣು ಸಿಹಿನೀರು ಬಿಡುತ್ತದೆ. ಎಲ್ಲ ಜೋಡಿಸಿದ ಮೇಲೆ ನೀವು ಸೋಫಾದ ಮೇಲೆ ಕಾಲು ಚಾಚಿ, “ಇನ್ನು ನನ್ನ ಕೈ ಒದ್ದೆ ಆಗ್ಲಿಕ್ಕಿಲ್ಲ” ಎಂದಿರಿ. ಕೆಂಪು ಬಕೆಟ್ಟನ್ನು ಕಾರು ತೊಳೆಯಲಿಕ್ಕೆಂದು ವಾಚ್‌ಮನ್‌ಗೆ ಕೊಟ್ಟುಬಿಟ್ಟಿರಿ. ಇಲ್ಲಿಗೆ ಬಂದಾಗ ತೊಟ್ಟಿಲ ಸುತ್ತ ಕೂತ ಹೆಂಗಸರೆಲ್ಲ ಗೊಳ್ಳೆಂದು ನಗಬೇಕು, ಅದು ಕ್ರಮ. ನಗು ಮುಗಿದ ಮೇಲೆ ಮಗುವಿನ ಅಂಗೈ ಒರೆಸಿ ‘ಕೈ ಒಣಗಿರಲಿ’ ಎಂದು ಹರಸುತ್ತೇವೆ. ನಿಮ್ಮ ಬಾಯಿಂದ ಸುಮ್ಮನೆ ಬಂದ ಮಾತು ನಮಗೆ ಆಶೀರ್ವಾದವಾಯಿತು ಅಜ್ಜಿ.

ಗುಡ್ಡಕ್ಕೆ ಬಂದ ಮೇಲೆ ನಮ್ಮವರು ನಿಮ್ಮ ಏರ್ಪಾಡನ್ನೇ ದೊಡ್ಡದು ಮಾಡಿದರು. ಊರಿಗೊಂದು ಉಪ್ಪುಮನೆ, ಅದರಲ್ಲಿ ಒಂದೇ ದೊಡ್ಡ ಪೀಪಾಯಿ, ಅಲ್ಲಿಂದ ಒಂದೇ ಕೊಳವೆ ಎಲ್ಲ ಗೂಡುಗಳಿಗೆ. ಪ್ರತಿ ಮನೆಯಲ್ಲೂ ಜೋಡಿಪಂಪು, ಪ್ರತಿ ಮನೆಯಲ್ಲೂ ಮಟ್ಟಗಣ್ಣು. ನಿಮ್ಮ ತೇಲುಕಡ್ಡಿ ನಮ್ಮ ಮನೆಯ ದೇವರ ಗೂಡಿಗೆ ಹತ್ತಿತು. ಅದಕ್ಕೆ ಶುಕ್ರವಾರ ಕುಂಕುಮ, ಹಬ್ಬಕ್ಕೆ ಹೂವು. ಗೀಟುಗಳು ಕುಂಕುಮದಡಿ ಮುಚ್ಚಿಹೋದವು. ಅದು ಯಾವ ಕೆಲಸಕ್ಕೆಂದು ಕೇಳಿದರೆ ಮಕ್ಕಳು ಕೈ ಮುಗಿಯುತ್ತಿದ್ದರು, ಅಷ್ಟೇ.

ಎರಡು ವರ್ಷದ ಹಿಂದೆ ಸಮುದ್ರ ತಣಿಯಿತು. ಹೌದು, ನಿಜಕ್ಕೂ ತಣಿಯಿತು. ಕೆಳಗೆ ಹೋಗಿಬಂದವರು ನೀರು ತಿಳಿಯಾಗಿದೆ, ಬಂಡೆಸಾಲಿನ ಮೇಲೆ ಪಾಚಿ ತೆಳುವಾಗಿದೆ ಎಂದರು. ಮರಳಿಕೆಯ ದಿನ ಗೊತ್ತಾಯಿತು. ಮೊದಲ ಬುಟ್ಟಿ ಹೊರಲು ಊರು ಆರಿಸಿದ್ದು ನನ್ನ ಮಗಳು ಹರ್ಷಿಕಾಳನ್ನು. ಊರಿನ ಗೂಡುಗಳ ಮೇಲ್ವಿಚಾರಣೆ ಅವಳದೇ. ನಿಮ್ಮಿಂದ ನನ್ನವರೆಗೆ ಬಂದವರೆಲ್ಲ ಕಾದ ದಿನಕ್ಕೆ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಸಿಕ್ಕಿದಳಲ್ಲ ಎಂದು ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಊರಿಡೀ ಬುಟ್ಟಿ ಹೆಣೆಯುವುದು, ದೋಣಿಗೆ ಎಣ್ಣೆ ಹಚ್ಚುವುದು, ಹಳೆಯ ಹಾಡು ಕಲಿಯುವುದು.

ಆ ಗಡಿಬಿಡಿಯಲ್ಲಿ ಉಪ್ಪುಮನೆಯ ಕೊಳವೆಯೊಳಗೆ ಉಪ್ಪು ಗಟ್ಟಿಕಟ್ಟಿತು. ಸುರಿಪಂಪುಗಳು ತಿರುಗುತ್ತಲೇ ಇದ್ದವು, ನೀರು ಮಾತ್ರ ಬರಲಿಲ್ಲ. ಎಳೆಪಂಪುಗಳು ಎಂದಿನಂತೆ ಎಳೆದವು. ಮಟ್ಟ ಇಳಿಯಿತು. ಮಟ್ಟಗಣ್ಣಿಗೆ ಯಾಕೆ ಇಳಿಯಿತೆಂದು ಏನು ಗೊತ್ತು? ಆವಿಯಾಗಿರಬೇಕೆಂದು ಸಿಹಿನೀರು ಬಿಟ್ಟಿತು. ದಿನವೂ ಉಪ್ಪುನೀರು ಹೋಯಿತು, ಸಿಹಿನೀರು ಬಂತು. ಗಾಜು ಯಾವಾಗ ನೋಡಿದರೂ ತುಂಬಿಯೇ ಇತ್ತು.

ಹವಳಗಳು ಮುದುಡತೊಡಗಿದವು. ನಾವು ಏನೆಂದುಕೊಂಡೆವು ಗೊತ್ತೇ? ಮನೆಗೆ ಹೋಗುವ ದಿನ ಹತ್ತಿರವಾಯಿತಲ್ಲ, ಮದುಮಗಳ ಹಾಗೆ ನಾಚಿಕೊಂಡಿವೆ ಎಂದುಕೊಂಡೆವು. ಸಂಜೆ ಹೊತ್ತು ಗೂಡುಗಳ ಮುಂದೆ ಕೂತು ಅವಕ್ಕೆ ಹಾಡು ಹೇಳಿದೆವು. ಸಾಯುತ್ತಿದ್ದವುಗಳ ಎದುರು ಕೂತು ಸೋಬಾನೆ ಹಾಡಿದ ಊರು ನಮ್ಮದು. ನನಗೆ ಯಾಕೋ ಸಮಾಧಾನವಿರಲಿಲ್ಲ, ಮಗಳನ್ನು ಕೇಳಿದೆ. ಹರ್ಷಿಕಾ ಬುಟ್ಟಿಗೆ ಬಣ್ಣದ ದಾರ ಸುತ್ತುತ್ತ, “ಅಮ್ಮಾ, ಮಟ್ಟ ಕೂದಲೆಳೆಯಷ್ಟೂ ಇಳೀಲಿಲ್ಲ. ಮತ್ತೆಂತ ಹೆದರಿಕೆ ನಿಮಗೆ?” ಎಂದಳು. ಅವಳು ಹೇಳಿದ್ದು ಸುಳ್ಳಲ್ಲ.

ಮೀನೊಂದು ಮಗುಚಿ ತೇಲಿದ ದಿನ ನಾನು ದೇವರ ಗೂಡಿನಿಂದ ನಿಮ್ಮ ತೇಲುಕಡ್ಡಿ ಇಳಿಸಿದೆ. ಸೆರಗಿನಿಂದ ಕುಂಕುಮ ಒರೆಸಿದೆ. ಗೀಟು ಕಂಡಿತು. ನೀರಿಗೆ ಬಿಟ್ಟೆ. ಉಪ್ಪು ಸರಿಯಿದ್ದರೆ ತಲೆಯೆತ್ತಿ ನಿಲ್ಲಬೇಕಾದದ್ದು ಸೀದಾ ಕೆಳಗಿಳಿದು ಮರಳಿಗೆ ತಾಗಿ ಮಲಗಿತು. ಹರ್ಷಿಕಾ ಅದನ್ನು ನೋಡಿದಳು. ದಾರದುಂಡೆ ಕೈಯಿಂದ ಬಿತ್ತು. ಅವಳು ಮನೆಯಿಂದ ಮನೆಗೆ ಆ ಕಡ್ಡಿ ಹಿಡಿದು ಓಡಿದಳು, ಎಲ್ಲಿ ಬಿಟ್ಟರೂ ಅದು ಮುಳುಗಿತು. ವಾರ ಕಳೆಯುವುದರೊಳಗೆ ಹವಳಗಳ ಮಾಂಸ ಲೋಳೆಯಾಗಿ ಕಳಚಿ ಬಿಳಿ ಎಲುಬು ಉಳಿಯಿತು. ಇಡೀ ಗುಡ್ಡ ನಾರಿತು.

ಆದರೂ ದೋಣಿಗಳು ಹೋದವು. ದಿನ ಗೊತ್ತಾಗಿತ್ತು, ಮುದುಕರಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಹರ್ಷಿಕಾ ಖಾಲಿ ಬುಟ್ಟಿ ಹಿಡಿದು ಮೊದಲ ದೋಣಿಯಲ್ಲಿ ಕೂತಳು. ಬಂಡೆಸಾಲಿನ ಮೇಲೆ ನೀರು ತಂಪಾಗಿ, ತಳ ಕಾಣುವಷ್ಟು ತಿಳಿಯಾಗಿತ್ತಂತೆ. ಅದೇ ನಮ್ಮನ್ನು ಕೊಂದದ್ದು. ಸಮುದ್ರ ಸಿದ್ಧವಾಗಿತ್ತು, ನಾವು ಬರಿಗೈಯಲ್ಲಿ ಹೋಗಿದ್ದೆವು. ಅವಳು ಬುಟ್ಟಿಯನ್ನು ಒಮ್ಮೆ ನೀರಿನಲ್ಲಿ ಅದ್ದಿ ತಿರುಗಿ ಬಂದಳು.

ಉಪ್ಪುಮನೆ ಮುಚ್ಚಿತು. ಗೂಡುಗಳಿಗೆ ಹೋಗುತ್ತಿದ್ದ ಪಾಲು ಬಾಯಿಗಳಿಗೆ ಬಂತು. ಆ ಬೇಸಗೆ ಎಲ್ಲರಿಗೂ ಕುಡಿಯಲು ಹೆಚ್ಚು ನೀರು ಸಿಕ್ಕಿತು, ಕುಡಿಯುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಈಗ ಪಾಲು ಮತ್ತೆ ಇಳಿದಿದೆ.

ನಮ್ಮ ಗೂಡಿನ ಕಲ್ಲೊಂದನ್ನು ಎತ್ತಿದಾಗ ಅದರ ಸಂದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಹಸಿರು ಜೀವ ಉಳಿದಿತ್ತು. ಇಡೀ ಗುಡ್ಡದಲ್ಲಿ ಅಷ್ಟೇ. ಅದನ್ನು ಅಗಲದ ಗಾಜಿನ ಬೋಗುಣಿಗೆ ಹಾಕಿ ನನ್ನ ಪಾಲಿನ ನೀರಿಗೆ ಉಳಿದ ಉಪ್ಪು ಕಲಸಿ ಕೈಯಾರೆ ಬದಲಿಸುತ್ತಿದ್ದೇನೆ. ಹರ್ಷಿಕಾ ಅತ್ತ ನೋಡುತ್ತಿರಲಿಲ್ಲ. “ಬಿಡಿ ಅಮ್ಮಾ ಅದನ್ನು, ನನಗೆ ನೋಡ್ಲಿಕ್ಕೆ ಆಗುದಿಲ್ಲ” ಎನ್ನುತ್ತಿದ್ದಳು. ಆದರೆ ಮೊನ್ನೆ ಬೆಳಿಗ್ಗೆ ನಾನು ತೆಗೆದಿಟ್ಟದ್ದಕ್ಕಿಂತ ಹೆಚ್ಚು ನೀರು ಪಾತ್ರೆಯಲ್ಲಿತ್ತು. ಅವಳ ತುಟಿ ಒಡೆದಿತ್ತು. ಅಜ್ಜಿ, ಅವಳೀಗ ಬಸುರಿ, ನೀವಿರುವ ಹಾಗೆಯೇ. ಬೈದು ಅವಳ ನೀರನ್ನು ಅವಳಿಗೇ ಕುಡಿಸಿದೆ. “ನನ್ನ ಪಾಲು, ಯಾರಿಗೆ ಬೇಕಾದ್ರೂ ಕೊಡ್ತೇನೆ” ಎಂದು ಅತ್ತಳು. ಆ ತುಂಡು ಬುಟ್ಟಿ ತುಂಬುವಷ್ಟು ಬೆಳೆಯಲು ವರ್ಷಗಟ್ಟಲೆ ಬೇಕು. ನನ್ನ ಒಬ್ಬಳ ಪಾಲಿನ ನೀರಿನಿಂದ ಆ ತುಂಡೂ ನಾನೂ ಇಬ್ಬರೂ ಅಷ್ಟು ವರ್ಷ ಬದುಕಲಿಕ್ಕಿಲ್ಲ. ನನ್ನ ನಂತರ ಅವಳು ಮಗುವಿನ ಬಾಯಿಂದ ತೆಗೆದು ಅದಕ್ಕೆ ಹಾಕುತ್ತಾಳೋ ಎಂದು ನನಗೆ ಭಯ. ಹಾಕದೆ ಬಿಡುತ್ತಾಳೋ ಎಂದೂ ಅಷ್ಟೇ ಭಯ.

ಅದಕ್ಕೇ ಈ ಪತ್ರ. ನಮ್ಮ ಕತೆಯ ಪ್ರಕಾರ ಆಟಿ ಅಮಾವಾಸ್ಯೆಯ ಮರುದಿನ, ಅಂದರೆ ನಾಳೆ, ನೀವು ಜೋಡಿಪಂಪು ಚಾಲೂ ಮಾಡುವವರು; ಕೆಂಪು ಬಕೆಟ್ಟು ಇವತ್ತಿಗೆ ಇನ್ನೂ ನಿಮ್ಮ ಮನೆಯಲ್ಲೇ ಇದೆ. ಮಾಡಿ, ಬೇಡವೆನ್ನುವುದಿಲ್ಲ. ಹೊಟ್ಟೆಯಲ್ಲಿ ಮಗುವಿಟ್ಟುಕೊಂಡು ಭಾರ ಹೊರಬೇಡಿ. ಆದರೆ ಪೀಪಾಯಿ ಖಾಲಿಯಾಗಿಯೋ ಕೊಳವೆ ಕಟ್ಟಿಯೋ ಹೊಸ ಉಪ್ಪುನೀರು ಬಾರದೆ ಹೋದರೆ ಎಳೆಪಂಪೂ ಮಟ್ಟಗಣ್ಣೂ ಒಟ್ಟಿಗೇ ನಿಲ್ಲುವ ಹಾಗೆ ಮಾಡಿಸಿ. ತೇಲುಕಡ್ಡಿಯನ್ನು ದೇವರ ಹತ್ತಿರ ಇಡಬೇಡಿ, ನೀರಿನ ಹತ್ತಿರ ಇಡಿ. ಹೆರಿಗೆಯಾಗಿ ಎದ್ದ ಮೇಲೆ ಆದಿತ್ಯವಾರಕ್ಕೊಮ್ಮೆಯಾದರೂ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅರ್ಧ ಬಕೆಟ್ ಆದರೂ ಸರಿ, ನೀವೇ ಕಲಸಿ ನೀವೇ ಸುರಿಯಿರಿ. ಅವಳು ನೋಡಲಿ. ಅವಳು ನೋಡಿದರೆ ಅವಳ ಮಗಳೂ ನೋಡುತ್ತಾಳೆ, ಹಾಗೆ ನೋಡುತ್ತ ನೋಡುತ್ತ ಅದು ನನ್ನ ಹರ್ಷಿಕಾಳವರೆಗೆ ಬರಲಿ.

ಮತ್ತು ಆ ಕೆಂಪು ಬಕೆಟ್ಟನ್ನು ದಯವಿಟ್ಟು ಯಾರಿಗೂ ಕೊಟ್ಟುಬಿಡಬೇಡಿ. ಒಂದು ಬಕೆಟ್ಟು ತುಂಬುವಷ್ಟು ನೀರು ಯಾವ ಮನೆಗೂ ಬರದೆ ಇದ್ದುದರಿಂದ ಈ ಗುಡ್ಡದಲ್ಲಿ ಈಗ ಬಕೆಟ್ಟು ಎಂಬುದೇ ಇಲ್ಲ. ನಾನು ನೀರು ಕಲಸುವುದು ಅನ್ನದ ಪಾತ್ರೆಯಲ್ಲಿ. ಈ ಕಾಗದವನ್ನೂ ಅದರಲ್ಲೇ ನೆನೆಸಬೇಕು. ಹರ್ಷಿಕಾ ಆಗಲೇ ಬಂದು ಪಾತ್ರೆ ಹಿಡಿದುಕೊಂಡು ನಿಂತಿದ್ದಾಳೆ, ತೋಳಿನ ಬಟ್ಟೆಯನ್ನು ಮೊಣಕೈವರೆಗೆ ಮಡಚಿಕೊಂಡಿದ್ದಾಳೆ.

ನಿಮ್ಮ ಕೈ ಒದ್ದೆಯಾಗಿರಲಿ ಅಜ್ಜಿ.

ನಿಮ್ಮ
ಉಜ್ವಲಾ ಕಾಂಚನ್